ಶುಗರ್ ಚೀಟಿಯಲ್ಲಿ ವಸಡಿಗೂ ಒಂದು ಸಾಲು ಬೇಕು

ನಮ್ಮ ದೊಡ್ಡಪ್ಪ ಕಬ್ಬು ತಿನ್ನುವುದನ್ನು ನೀವು ನೋಡಬೇಕಿತ್ತು. ಪಾಂಡವಪುರದ ಹತ್ತಿರ ಊರು. ಸಂಕ್ರಾಂತಿ ಬಂದರೆ ಜಗಲಿ ಮೇಲೆ ಕೂತು, ಜಲ್ಲೆಯನ್ನು ಮೊಣಕಾಲಿಗೆ ಕೊಟ್ಟು ಲಟಕ್ಕನೆ ಮುರಿದು, ಹಲ್ಲಿನಿಂದಲೇ ಸಿಪ್ಪೆ ಸಿಗಿದು ಎಳೆಯುತ್ತಿದ್ದರು. ಗೆಣ್ಣು ಅಡ್ಡ ಬಂದರೂ ಬಿಡುತ್ತಿರಲಿಲ್ಲ. ಮೂರು ವರ್ಷದ ಹಿಂದೆ ಹಾಗೇ ಕಚ್ಚಿ ಎಳೆದಾಗ ಸಿಪ್ಪೆ ಬರಲಿಲ್ಲ, ಹಲ್ಲು ಬಂತು. ಬೇರು ಸಮೇತ. ಅಂಗೈ ಮೇಲೆ ಇಟ್ಟುಕೊಂಡು ತಿರುಗಿಸಿ ತಿರುಗಿಸಿ ನೋಡಿದರು. ಒಂದು ತೂತಿಲ್ಲ, ಹುಳುಕಿಲ್ಲ. ನೋವೂ ಅಷ್ಟೇನಿರಲಿಲ್ಲ. ನಾನು ಗಾಬರಿಯಾದರೆ ಅವರೇ ಸಮಾಧಾನ ಹೇಳಿದರು: "ಐವತ್ತೆಂಟಾಯ್ತು ಕಣವ್ವ, ಹಲ್ಲು ಉದುರ್ದೆ ಇದ್ದಾವಾ? ಬುಡು ಅತ್ಲಾಗೆ."

ಹುಳುಕಿಲ್ಲದ ಗಟ್ಟಿ ಹಲ್ಲು ಬೇರು ಸಮೇತ ಕೈಗೆ ಬರುತ್ತದೆ ಎಂದರೆ ಕೆಟ್ಟಿರುವುದು ಹಲ್ಲಲ್ಲ. ಅದನ್ನು ಹಿಡಿದುಕೊಂಡಿದ್ದ ವಸಡು ಮತ್ತು ಮೂಳೆ. ದೊಡ್ಡಪ್ಪನಿಗೆ ಶುಗರ್ ಶುರುವಾಗಿ ಆಗಲೇ ಹನ್ನೊಂದು ವರ್ಷ. ಅವರ ಪ್ಲಾಸ್ಟಿಕ್ ಕವರಿನಲ್ಲಿ ಹನ್ನೊಂದು ವರ್ಷದ ಚೀಟಿಗಳಿದ್ದವು. ಒಂದು ರಾತ್ರಿ ಕೂತು ಎಲ್ಲವನ್ನೂ ತೆಗೆದು ನೋಡಿದೆ. ರಕ್ತ, ಮೂತ್ರ, ಕ್ರಿಯಾಟಿನಿನ್, ಇಸಿಜಿ, ಎರಡು ಸಲ ಕಣ್ಣು, ಒಂದು ಸಲ ಪಾದ. ಬಾಯಿಯ ಬಗ್ಗೆ ಒಂದೇ ಒಂದು ಸಾಲಿಲ್ಲ. ಹನ್ನೊಂದು ವರ್ಷದಲ್ಲಿ ಯಾರೂ ಅವರಿಗೆ "ಆ ಅನ್ನಿ" ಎಂದಿರಲಿಲ್ಲ.

ಇದು ನಮ್ಮ ದೊಡ್ಡಪ್ಪ ಒಬ್ಬರ ಕಥೆಯಾಗಿದ್ದರೆ ಬರೆಯುತ್ತಿರಲಿಲ್ಲ. ಐಸಿಎಂಆರ್ ನೆರವಿನ ಇಂಡಿಯಾಬ್ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಅದರ ಲೆಕ್ಕದಲ್ಲಿ ನಮ್ಮ ದೇಶದಲ್ಲಿ 10.1 ಕೋಟಿ ಜನರಿಗೆ ಮಧುಮೇಹ ಇದೆ. ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿ ನಿಂತಿದ್ದಾರೆ. ಮಂಡ್ಯ, ಮೈಸೂರಿನ ಯಾವ ಬೀದಿಗೆ ಹೋದರೂ ಮನೆಗೊಬ್ಬರು ಶುಗರ್ ಮಾತ್ರೆ ನುಂಗುವವರು ಸಿಗುತ್ತಾರೆ. ಕಣ್ಣು ಹೋಗುತ್ತದೆ, ಕಿಡ್ನಿ ಹೋಗುತ್ತದೆ, ಕಾಲು ಕೊಳೆಯುತ್ತದೆ ಎಂದು ಎಲ್ಲರಿಗೂ ಗೊತ್ತು. ಹಲ್ಲಿನ ವಿಷಯ ಬಂದರೆ ಮಾತ್ರ "ವಯಸ್ಸಾಯ್ತು" ಎನ್ನುತ್ತೇವೆ.

ವಸಡಿನ ರೋಗವನ್ನು ಮಧುಮೇಹದ "ಆರನೇ ತೊಡಕು" ಎಂದು ಹೆರಾಲ್ಡ್ ಲೋ ಎಂಬ ದಂತ ವಿಜ್ಞಾನಿ ಕರೆದದ್ದು 1993ರಲ್ಲಿ. ಕಣ್ಣು, ಕಿಡ್ನಿ, ನರ, ದೊಡ್ಡ ರಕ್ತನಾಳ, ಮಾಯದ ಗಾಯ ಇವು ಮೊದಲ ಐದು. ಅಮೆರಿಕದ ಅರಿಜೋನಾದ ಪೀಮಾ ಬುಡಕಟ್ಟಿನ ಜನರಲ್ಲಿ ಮಧುಮೇಹ ತುಂಬಾ ಜಾಸ್ತಿ. ಅವರ ಬಾಯಿಯನ್ನು ವರ್ಷಗಟ್ಟಲೆ ನೋಡಿದವರಿಗೆ ಈ ನಂಟು ಸ್ಪಷ್ಟವಾಗಿ ಕಂಡಿತ್ತು. ಶುಗರ್ ಇರುವವರಿಗೆ ವಸಡಿನ ರೋಗ ಬರುವ ಸಂಭವ ಉಳಿದವರಿಗಿಂತ ಸುಮಾರು ಮೂರು ಪಟ್ಟು ಎಂಬುದು ಇವತ್ತು ಎಲ್ಲರೂ ಒಪ್ಪಿದ ಮಾತು. ಅದರಲ್ಲೂ ಒಂದು ವಿಷಯ ಗಮನಿಸಿ. ಶುಗರ್ ಹತೋಟಿಯಲ್ಲಿ ಇದ್ದವರಿಗೆ ಈ ಅಪಾಯ ಬಹಳಷ್ಟು ಇಳಿಯುತ್ತದೆ. ತೊಂದರೆ ಕೊಡುವುದು ಹತೋಟಿ ತಪ್ಪಿದ ಶುಗರ್.

ಯಾಕೆ ಹೀಗಾಗುತ್ತದೆ? ಮಂಡ್ಯದವರಿಗೆ ಇದನ್ನು ಹೇಳುವುದು ಸುಲಭ. ನಮ್ಮ ವಿ.ಸಿ. ನಾಲೆಯನ್ನು ನೆನಪಿಸಿಕೊಳ್ಳಿ. ನಾಲೆಯಲ್ಲಿ ಹೂಳು ತುಂಬಿದರೆ ಮೊದಲು ಒಣಗುವುದು ಯಾರ ಗದ್ದೆ? ಕೊನೆ ಭಾಗದವರದು. ಕಟ್ಟೆಯಲ್ಲಿ ನೀರು ಎಷ್ಟೇ ಇರಲಿ, ಅವರ ಗದ್ದೆಗೆ ಮುಟ್ಟುವುದಿಲ್ಲ. ನಮ್ಮ ಮೈಯಲ್ಲೂ ಹಾಗೇ. ವರ್ಷಗಟ್ಟಲೆ ಸಕ್ಕರೆ ಜಾಸ್ತಿ ಇದ್ದರೆ ಸಣ್ಣ ಸಣ್ಣ ರಕ್ತನಾಳಗಳ ಗೋಡೆ ದಪ್ಪವಾಗುತ್ತದೆ. ಕಣ್ಣಿನ ಹಿಂಭಾಗ, ಕಿಡ್ನಿ, ಪಾದ, ವಸಡು ಎಲ್ಲವೂ ಸಣ್ಣ ನಾಳಗಳನ್ನೇ ನಂಬಿಕೊಂಡ ಕೊನೆ ಭಾಗದ ಗದ್ದೆಗಳು. ಆಮ್ಲಜನಕ ಕಡಿಮೆಯಾಗುತ್ತದೆ. ಕೊಳೆ ಹೊರಗೆ ಹೋಗುವುದೂ ನಿಧಾನವಾಗುತ್ತದೆ.

ಎರಡನೆಯದು ಕಾವಲಿನ ವಿಷಯ. ಬಾಯಿ ಎಂದಮೇಲೆ ಬ್ಯಾಕ್ಟೀರಿಯಾ ಇದ್ದೇ ಇರುತ್ತವೆ. ಅವು ವಸಡಿನೊಳಗೆ ಇಳಿಯದಂತೆ ಬಿಳಿ ರಕ್ತಕಣಗಳು ತಡೆಯುತ್ತವೆ. ಸಕ್ಕರೆ ಜಾಸ್ತಿ ಇರುವ ರಕ್ತದಲ್ಲಿ ಇವು ಮಂಕಾಗುತ್ತವೆ. ಸರಿಯಾದ ಹೊತ್ತಿಗೆ ಬರುವುದಿಲ್ಲ, ಬಂದರೂ ಸರಿಯಾಗಿ ನುಂಗುವುದಿಲ್ಲ. ಆದರೆ ಊತ ಉರಿ ಮಾತ್ರ ಜೋರಾಗಿ ಎಬ್ಬಿಸುತ್ತವೆ. ಮೂಳೆ ಕರಗುವುದು ಬ್ಯಾಕ್ಟೀರಿಯಾದಿಂದ ಮಾತ್ರ ಅಲ್ಲ, ಮೈಯದೇ ಈ ಉರಿಯಿಂದ.

ಮೂರನೆಯದು ಆಲೆಮನೆ ಕಂಡವರಿಗೆ ಥಟ್ಟನೆ ಅರ್ಥವಾಗುತ್ತದೆ. ಬೆಲ್ಲದ ಪಾಕ ಬಿದ್ದ ಬಟ್ಟೆ ಒಣಗಿದರೆ ಏನಾಗುತ್ತದೆ? ಸೆಟೆದುಕೊಳ್ಳುತ್ತದೆ. ಮಡಚಿದರೆ ಮುರಿಯುತ್ತದೆ. ರಕ್ತದಲ್ಲಿನ ಸಕ್ಕರೆಯೂ ಮೈಯ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಹಲ್ಲನ್ನು ದವಡೆಯ ಮೂಳೆಗೆ ಕಟ್ಟಿ ಹಿಡಿದಿರುವುದು ಕೊಲಾಜನ್ ಎಂಬ ನಾರು. ಅದಕ್ಕೆ ಸಕ್ಕರೆ ಅಂಟಿದರೆ ನಾರಿನ ಗುಣವೇ ಹೋಗುತ್ತದೆ. ಹಳೆಯದು ಹರಿಯುತ್ತದೆ, ಹೊಸದು ಸರಿಯಾಗಿ ಹುಟ್ಟುವುದಿಲ್ಲ. ಮೂರು ತಿಂಗಳ ಶುಗರ್ ಎಂದು ನಾವು ಮಾಡಿಸುವ ಎಚ್‌ಬಿಎ1ಸಿ ಪರೀಕ್ಷೆ ಅಳೆಯುವುದೂ ಇಂಥದ್ದನ್ನೇ, ರಕ್ತದ ಹಿಮೋಗ್ಲೋಬಿನ್‌ಗೆ ಎಷ್ಟು ಸಕ್ಕರೆ ಅಂಟಿದೆ ಎಂದು. ರಕ್ತದಲ್ಲಿ ಅಂಟಿದ್ದು ವಸಡಿನಲ್ಲಿ ಅಂಟದೆ ಇರುತ್ತದಾ?

ಇನ್ನು ಬಾಯಿ ಒಣಗುವುದು. ಸಕ್ಕರೆ ಏರಿದಾಗ ಪದೇ ಪದೇ ಮೂತ್ರಕ್ಕೆ ಹೋಗಬೇಕು, ಮೈಯ ನೀರು ಇಳಿಯುತ್ತದೆ, ಎಂಜಲು ಕಡಿಮೆಯಾಗುತ್ತದೆ. ಬಿಪಿಯ ಕೆಲವು ಮಾತ್ರೆಗಳೂ ಬಾಯಿ ಒಣಗಿಸುತ್ತವೆ. ಎಂಜಲು ಬಾಯಿಯನ್ನು ತೊಳೆಯುತ್ತದೆ, ಹುಳಿಯನ್ನು ತಣಿಸುತ್ತದೆ. ಅದಿಲ್ಲದಿದ್ದರೆ ಹಲ್ಲಿನ ಬುಡದಲ್ಲಿ, ವಸಡು ಇಳಿದು ಬೇರು ಕಾಣುವ ಕಡೆ, ಹುಳುಕು ಬೇಗ ಹಿಡಿಯುತ್ತದೆ. ನಾಲಿಗೆ ಉರಿ, ರುಚಿ ಕೆಡುವುದು, ಬಿಳಿ ಬಿಳಿ ಪದರ ಕಟ್ಟುವ ಶಿಲೀಂಧ್ರ, ಬಾಯಿಯ ಮೂಲೆ ಒಡೆಯುವುದು ಎಲ್ಲವೂ ಇದೇ ಸಾಲಿನವು. 2021ರ ಕೋವಿಡ್ ಎರಡನೇ ಅಲೆಯಲ್ಲಿ ಕಪ್ಪು ಶಿಲೀಂಧ್ರ ಹಿಡಿದವರಲ್ಲಿ ಬಹಳ ಜನ ಹತೋಟಿ ತಪ್ಪಿದ ಶುಗರ್ ಇದ್ದವರು, ಸ್ಟೆರಾಯ್ಡ್ ತೆಗೆದುಕೊಂಡವರು. ಕೆಲವರಿಗೆ ಅದು ಮೊದಲು ಕಾಣಿಸಿದ್ದು ಮೇಲ್ದವಡೆಯ ಹಲ್ಲು ದಿಢೀರನೆ ಸಡಿಲವಾಗುವುದರಲ್ಲಿ.

ಇಷ್ಟೂ ಒಂದು ಕಡೆಯ ಮಾತು. ಶುಗರ್ ಹಲ್ಲನ್ನು ಕೆಡಿಸುತ್ತದೆ. ನನಗೆ ಹೆಚ್ಚು ಮುಖ್ಯ ಅನ್ನಿಸುವುದು ಇನ್ನೊಂದು ಕಡೆಯದು. ಕೆಟ್ಟ ವಸಡು ಶುಗರ್ ಏರಿಸುತ್ತದೆ.

ದೊಡ್ಡಪ್ಪನನ್ನು ಮೈಸೂರಿಗೆ ಕರೆತಂದು ದಂತ ವೈದ್ಯಕೀಯ ಕಾಲೇಜೊಂದರ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅಲ್ಲಿ ಒಬ್ಬ ಹುಡುಗಿ, ಇನ್ನೂ ಕಲಿಯುತ್ತಿರುವ ಡಾಕ್ಟರ್, ತುದಿಯಲ್ಲಿ ಗೆರೆ ಗೆರೆ ಹಾಕಿದ ಒಂದು ತೆಳು ಕಡ್ಡಿಯನ್ನು ಹಲ್ಲಿಗೂ ವಸಡಿಗೂ ನಡುವೆ ಮೆತ್ತಗೆ ಇಳಿಸುತ್ತಾ ಹೋದಳು. ಪಕ್ಕದಲ್ಲಿದ್ದ ಹುಡುಗ ಬರೆದುಕೊಳ್ಳುತ್ತಿದ್ದ. "ಮೂರು. ನಾಲ್ಕು. ಆರು. ಆರು. ಏಳು, ರಕ್ತ ಇದೆ." ಅವೆಲ್ಲ ಮಿಲಿಮೀಟರ್ ಲೆಕ್ಕ. ಮೂರರವರೆಗೆ ಸರಿ. ನಾಲ್ಕು ದಾಟಿದರೆ ಅಲ್ಲಿ ಹಲ್ಲಿನ ಪಕ್ಕ ಒಂದು ಜೇಬು ಆಗಿದೆ ಎಂದರ್ಥ. ಏಳು ಎಂದರೆ ಬೇರಿನ ಅರ್ಧದ ತನಕ ಹಿಡಿತ ಹೋಗಿದೆ. ಆ ಜೇಬಿನ ಒಳಗೋಡೆ ಅನ್ನುವುದು ಚರ್ಮ ಕಿತ್ತ ಹಸಿ ಗಾಯ. ಅದಕ್ಕೇ ಕಡ್ಡಿ ತಾಗಿದ ಕೂಡಲೇ ರಕ್ತ.

ಇಂಥ ಜೇಬು ಒಂದಲ್ಲ. ಬಾಯಿ ತುಂಬಾ ವಸಡಿನ ರೋಗ ಇದ್ದವರಲ್ಲಿ ಈ ಗಾಯಗಳನ್ನೆಲ್ಲ ಬಿಡಿಸಿ ಹರಡಿದರೆ 8ರಿಂದ 20 ಚದರ ಸೆಂಟಿಮೀಟರ್‌ನಷ್ಟು ಆಗಬಹುದು ಎಂದು ಅಂದಾಜು ಮಾಡಿದ್ದಾರೆ. ಅಂಗೈಯ ಮೇಲೆ ಅಷ್ಟಗಲ ಗೆರೆ ಎಳೆದು ನೋಡಿ. ಅಷ್ಟಗಲದ ಕೀವು ತುಂಬಿದ ಗಾಯ ಶುಗರ್ ಇರುವವರ ಪಾದದಲ್ಲಿ ಆಗಿದ್ದರೆ ಮನೆಯವರು ಸುಮ್ನೆ ಕೂರುತ್ತಿದ್ದರಾ? ಅವತ್ತೇ ಗಾಡಿ ಮಾಡಿಕೊಂಡು ಮಿಮ್ಸ್‌ಗೋ ಕೆ.ಆರ್. ಆಸ್ಪತ್ರೆಗೋ ಓಡುತ್ತಿದ್ದರು. ಬಾಯಿಯೊಳಗಿನದು ಕಾಣುವುದಿಲ್ಲ. ನೋಯುವುದೂ ಇಲ್ಲ. ಹಾಗಾಗಿ ವರ್ಷಗಟ್ಟಲೆ ಹಾಗೇ ಇರುತ್ತದೆ.

ಆ ಗಾಯದಿಂದ ಊತದ ರಾಸಾಯನಿಕಗಳು ದಿನವಿಡೀ ರಕ್ತಕ್ಕೆ ಸೇರುತ್ತವೆ. ಅವು ಇನ್ಸುಲಿನ್ ಕೆಲಸಕ್ಕೆ ಅಡ್ಡ ಬರುತ್ತವೆ. ಮಾತ್ರೆ ಅದೇ, ಊಟ ಅದೇ, ನಡಿಗೆಯೂ ಅದೇ, ಆದರೂ ಶುಗರ್ ಇಳಿಯುವುದಿಲ್ಲ. ಡಾಕ್ಟರು ಮಾತ್ರೆ ಜಾಸ್ತಿ ಮಾಡುತ್ತಾರೆ. "ಕದ್ದು ಸಿಹಿ ತಿಂತೀರಾ" ಎಂದು ಮನೆಯವರು ಬೈಯುತ್ತಾರೆ. ನಮ್ಮ ದೊಡ್ಡಮ್ಮನೂ ಬೈದಿದ್ದಾರೆ. ಕಾರಣ ಬಾಯಿಯಲ್ಲೂ ಇರಬಹುದು ಎಂದು ನಮಗೆ ಯಾರಿಗೂ ಹೊಳೆದಿರಲಿಲ್ಲ.

ವಸಡಿಗೆ ಚಿಕಿತ್ಸೆ ಕೊಟ್ಟರೆ ಶುಗರ್ ನಿಜವಾಗಿ ಇಳಿಯುತ್ತದಾ? ಇದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ. ಇಂಥ 35 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ಕಾಕ್ರೇನ್ ಸಂಸ್ಥೆ 2022ರಲ್ಲಿ ವರದಿ ಕೊಟ್ಟಿತು. ಹಲ್ಲಿನ ಬೇರಿನ ತನಕ ಆಳವಾಗಿ ಕ್ಲೀನ್ ಮಾಡಿಸಿದವರಲ್ಲಿ ಮೂರು ನಾಲ್ಕು ತಿಂಗಳಿಗೆ ಎಚ್‌ಬಿಎ1ಸಿ ಸರಾಸರಿ 0.43ರಷ್ಟು ಇಳಿದಿತ್ತು. ಆರು ತಿಂಗಳಿಗೆ 0.30. ಚಿಕ್ಕ ಸಂಖ್ಯೆ ಅನ್ನಿಸಬಹುದು. ಆದರೆ ಇನ್ನೊಂದು ಲೆಕ್ಕದ ಪಕ್ಕ ಇಟ್ಟು ನೋಡಿ. ಬ್ರಿಟನ್ನಿನಲ್ಲಿ ನಡೆದ ದೊಡ್ಡ ಅಧ್ಯಯನವೊಂದರಲ್ಲಿ ಎಚ್‌ಬಿಎ1ಸಿ ಒಂದು ಅಂಕ ಕಡಿಮೆ ಇದ್ದವರಿಗೆ ಕಣ್ಣು, ಕಿಡ್ನಿಯಂಥ ಸಣ್ಣ ರಕ್ತನಾಳದ ತೊಡಕುಗಳು 37% ಕಡಿಮೆ ಇದ್ದವು. ಹೀಗಿರುವಾಗ ಮಾತ್ರೆ ಏರಿಸದೆ 0.4 ಇಳಿಯುವುದು ಸಣ್ಣ ಮಾತಲ್ಲ. ಹಾಗಂತ ಹಲ್ಲು ಕ್ಲೀನ್ ಮಾಡಿಸಿ ಮಾತ್ರೆ ಬಿಟ್ಟುಬಿಡಬಹುದು ಎಂದು ಯಾರೂ ತಿಳಿಯಬಾರದು. ಎರಡೂ ಜೊತೆಗೆ ನಡೆಯಬೇಕು.

ದಂತ ವೈದ್ಯರ ಕಡೆಯಿಂದಲೂ ಈ ನಂಟಿಗೆ ಈಗ ಅಧಿಕೃತ ಜಾಗ ಸಿಕ್ಕಿದೆ. 2018ರಲ್ಲಿ ವಸಡಿನ ರೋಗದ ಹೊಸ ವಿಂಗಡಣೆ ಬಂತು. ರೋಗ ಎಷ್ಟು ಬೇಗ ಮುಂದುವರಿಯಬಹುದು ಎಂದು ಎ, ಬಿ, ಸಿ ದರ್ಜೆ ಕೊಡುತ್ತಾರೆ. ಮಧುಮೇಹಿಗಳ ಎಚ್‌ಬಿಎ1ಸಿ 7 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ನೇರವಾಗಿ ಸಿ, ಅಂದರೆ ವೇಗದ ದರ್ಜೆ. ದೊಡ್ಡಪ್ಪನದು ಆಗ 10.8 ಇತ್ತು.

ನಮ್ಮ ಕಡೆಯ ಊಟದ್ದೂ ಇದರಲ್ಲಿ ಒಂದು ಪಾತ್ರವಿದೆ. ಮುದ್ದೆಯನ್ನು ಯಾರೂ ಅಗಿಯುವುದಿಲ್ಲ. ಸಾರಿನಲ್ಲಿ ಅದ್ದಿ ನುಂಗಬೇಕು. ಹಾಗಾಗಿ ದವಡೆ ಹಲ್ಲು ಎರಡು ಹೋದರೂ, ನಾಲ್ಕು ಹೋದರೂ ಊಟ ನಿಲ್ಲುವುದಿಲ್ಲ. "ಮುದ್ದೆ ನುಂಗಕ್ಕೆ ಹಲ್ಯಾಕೆ" ಎಂದು ಎಷ್ಟು ಜನ ಹಿರಿಯರು ಹೇಳುವುದನ್ನು ಕೇಳಿದ್ದೇನೆ. ಆದರೆ ಮುದ್ದೆಯ ಪಕ್ಕದಲ್ಲಿ ಇರುತ್ತಿದ್ದವು ಒಂದೊಂದೇ ತಟ್ಟೆಯಿಂದ ಜಾರುತ್ತವೆ. ಹುರಿದ ಕಡಲೆಕಾಯಿ ಹೋಯಿತು. ಸೀಬೆಹಣ್ಣು ಹೋಯಿತು. ಹಸಿ ಸೌತೆಕಾಯಿ, ಮೂಲಂಗಿ, ಸೊಪ್ಪಿನ ಪಲ್ಯ, ಮೊಳಕೆಕಾಳು, ಬಾಡು ಎಲ್ಲವೂ ಹೋಯಿತು. ಆ ಜಾಗಕ್ಕೆ ಬರುವುದು ಮೆತ್ತಗಿರುವವು: ಅನ್ನ ಸಾರು, ಇಡ್ಲಿ, ಟೀಗೆ ಅದ್ದಿದ ಬನ್ನು, ರಸ್ಕು. ಶುಗರ್ ಬೇಗ ಏರಿಸುವ ತಿಂಡಿಗಳೂ ಇವೇ ಅಲ್ವಾ? ಡಯಟ್ ಚಾರ್ಟ್ ಬರೆದುಕೊಡುವವರು ಇವರಿಗೆ ಅಗಿಯಲು ಹಲ್ಲಿದೆಯಾ ಎಂದು ಮೊದಲು ಕೇಳಬೇಕು.

ತಪ್ಪು ನಂಬಿಕೆಗಳದ್ದು ಇನ್ನೊಂದು ತಲೆನೋವು. "ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತೆ" ಎಂಬ ಮಾತು ನಮ್ಮಲ್ಲಿ ಬೇರು ಬಿಟ್ಟಿದೆ. ಆಗುವುದು ಇಷ್ಟೇ. ವರ್ಷಗಟ್ಟಲೆ ಕಟ್ಟಿದ ಪಾಚಿ ಗಾರೆಯಂತೆ ಗಟ್ಟಿಯಾಗಿ ಹಲ್ಲು ಹಲ್ಲಿಗೂ ಅಂಟಿಕೊಂಡಿರುತ್ತದೆ. ಅದರ ಕೆಳಗೆ ಮೂಳೆ ಆಗಲೇ ಕರಗಿರುತ್ತದೆ. ಪಾಚಿ ತೆಗೆದ ಮೇಲೆ ಮೊದಲೇ ಇದ್ದ ಸಡಿಲ ಗೊತ್ತಾಗುತ್ತದೆ. ಊತ ಇಳಿದು ವಸಡು ಕೆಳಗೆ ಹೋದಾಗ ಸಂದು ಕಾಣುತ್ತದೆ. ಬೇಗ ಹೋದವರಲ್ಲಿ ಹಲ್ಲು ಮತ್ತೆ ಬಿಗಿಯಾಗುವುದೂ ಉಂಟು. ಇನ್ನೊಂದು, "ಶುಗರ್ ಇದ್ದರೆ ಹಲ್ಲು ಕೀಳಿಸಬಾರದು" ಎಂಬುದು. ಶುಗರ್ ತುಂಬಾ ಏರಿದ್ದಾಗ ತುರ್ತಲ್ಲದ ಕೆಲಸವನ್ನು ಮುಂದಕ್ಕೆ ಹಾಕುತ್ತಾರೆ, ಅಷ್ಟೇ. ಹತೋಟಿಯಲ್ಲಿದ್ದರೆ ಕೀಳಬಹುದು. ಕೀವಾಗಿ ಮುಖ ಊದಿಕೊಂಡಿದ್ದರೆ ಶುಗರ್ ಎಷ್ಟೇ ಇರಲಿ, ಅವತ್ತೇ ಆಸ್ಪತ್ರೆಗೆ ಹೋಗಲೇಬೇಕು.

ರಕ್ತ ಬರುತ್ತದೆ ಎಂದು ಅಲ್ಲಿ ಬ್ರಷ್ ಮಾಡುವುದನ್ನೇ ಬಿಡುವವರು ಬಹಳ. ಅದು ಉಲ್ಟಾ ಕೆಲಸ. ಆರೋಗ್ಯವಾದ ವಸಡಿನಲ್ಲಿ ಮೆತ್ತನೆಯ ಬ್ರಷ್‌ಗೆ ರಕ್ತ ಬರುವುದಿಲ್ಲ. ಬಂದರೆ ಕೊಳೆ ಕೂತಿರುವುದು ಅಲ್ಲೇ ಎಂದರ್ಥ. ಇಜ್ಜಲು, ಉಪ್ಪು, ಇಟ್ಟಿಗೆ ಪುಡಿ ಹಾಕಿ ಉಜ್ಜುವುದರಿಂದ ಹಲ್ಲಿನ ಮೇಲ್ಪದರ ಸವೆಯುತ್ತದೆ, ವಸಡು ತರಚುತ್ತದೆ. ಬೀಡಿ ಸೇದುವವರ ಕಥೆ ಇನ್ನೂ ಮೋಸದ್ದು. ಹೊಗೆ ರಕ್ತನಾಳವನ್ನು ಹಿಂಡುವುದರಿಂದ ಅವರ ವಸಡಿನಲ್ಲಿ ರಕ್ತ ಕಾಣುವುದೇ ಕಡಿಮೆ. ಒಳಗೆ ಮೂಳೆ ಹೋಗುತ್ತಿದ್ದರೂ ಹೊರಗೆ ಎಲ್ಲಾ ಸರಿ ಇದ್ದಂತೆ ಕಾಣುತ್ತದೆ. ಕಡ್ಡಿಪುಡಿಯನ್ನು ಹಲ್ಲಿನ ಸಂದಿಯಲ್ಲಿ ಇಟ್ಟುಕೊಂಡರೆ ನೋವು ಮರೆಯಾಗುತ್ತದೆ ಎಂದು ಇಟ್ಟುಕೊಳ್ಳುವವರಿಗೆ ಬಾಯಿ ಕ್ಯಾನ್ಸರಿನ ಭಯ ಬೇರೆ.

ಮೆಡಿಕಲ್ ಸ್ಟೋರಿನ ನೋವಿನ ಮಾತ್ರೆ ಬಗ್ಗೆ ಕೈಮುಗಿದು ಒಂದು ಮಾತು ಹೇಳುತ್ತೇನೆ. ಹಲ್ಲುನೋವಿಗೆ ವಾರಗಟ್ಟಲೆ ಅದನ್ನೇ ನುಂಗಬೇಡಿ. ಶುಗರ್ ಇರುವವರ ಕಿಡ್ನಿ ಮೊದಲೇ ಹೊರೆ ಹೊತ್ತಿರುತ್ತದೆ. ಹಲವು ನೋವಿನ ಮಾತ್ರೆಗಳು ಆ ಹೊರೆಯನ್ನು ಇನ್ನಷ್ಟು ಹೆಚ್ಚಿಸುತ್ತವೆ. ಹಲ್ಲು ಉಳಿಸಲು ಆಗುತ್ತಿದ್ದ ಖರ್ಚಿಗಿಂತ ಎಷ್ಟೋ ಪಟ್ಟು ಖರ್ಚು ಡಯಾಲಿಸಿಸ್‌ಗೆ ಆಗುತ್ತದೆ.

ಹಾಗಾದರೆ ಎಡವಟ್ಟಾಗುತ್ತಿರುವುದು ಎಲ್ಲಿ? ಶುಗರ್ ಡಾಕ್ಟರ್ ಒಂದು ಬೀದಿಯಲ್ಲಿ, ಹಲ್ಲಿನ ಡಾಕ್ಟರ್ ಇನ್ನೊಂದು ಬೀದಿಯಲ್ಲಿ. ಒಬ್ಬರ ಚೀಟಿ ಇನ್ನೊಬ್ಬರು ನೋಡುವುದಿಲ್ಲ. ದೊಡ್ಡಪ್ಪ ನಡುವೆ ಒಂದು ಸಲ ತಾವೇ ಹೋಗಿ ಅಲ್ಲಾಡುತ್ತಿದ್ದ ಹಲ್ಲು ಕೀಳಿಸಿಕೊಂಡು ಬಂದಿದ್ದರು. ಅಲ್ಲಿ ಶುಗರ್ ಇದೆಯಾ ಎಂದು ಕೇಳಿದರಂತೆ, ಎಷ್ಟಿದೆ ಎಂದು ಕೇಳಲಿಲ್ಲವಂತೆ. ಅಲ್ಲಾಡುತ್ತಿದ್ದದ್ದು ಕಿತ್ತರು, ಕಳಿಸಿದರು. ಯಾಕೆ ಅಲ್ಲಾಡುತ್ತಿದೆ ಎಂದು ಕೇಳುವ ಒಂದು ಅವಕಾಶ ಅಲ್ಲಿ ತಪ್ಪಿಹೋಯಿತು. ಆ ಮೇಲೆ ಇನ್ನೂ ನಾಲ್ಕು ಹಲ್ಲು ಹೋದವು.

ಬೇರೆ ಕಡೆ ಇದನ್ನು ನಿಯಮವಾಗಿ ಬರೆದಿದ್ದಾರೆ. ಬ್ರಿಟನ್ನಿನ ನೈಸ್ ಸಂಸ್ಥೆ 2022ರಲ್ಲಿ ತನ್ನ ಮಾರ್ಗಸೂಚಿ ತಿದ್ದಿತು. ಮಧುಮೇಹಿಗಳನ್ನು ವರ್ಷಕ್ಕೊಮ್ಮೆ ನೋಡುವಾಗ ವಸಡಿನ ರೋಗದ ಅಪಾಯವನ್ನೂ ತಿಳಿಸಬೇಕು, ಬಾಯಿ ಪರೀಕ್ಷೆ ಮಾಡಿಸಿಕೊಳ್ಳಲು ಹೇಳಬೇಕು ಎಂದು ಸೇರಿಸಿತು. ಅಮೆರಿಕದ ಡಯಾಬಿಟಿಸ್ ಅಸೋಸಿಯೇಷನ್ ಕೂಡ ಮಧುಮೇಹಿಗಳನ್ನು ದಂತ ವೈದ್ಯರ ಬಳಿ ಕಳಿಸಿ ಎನ್ನುತ್ತದೆ.

ನಮ್ಮಲ್ಲಿ ಹೊಸದಾಗಿ ಏನನ್ನೂ ಕಟ್ಟಬೇಕಾಗಿಲ್ಲ ಎಂಬುದೇ ನನ್ನ ವಾದ. 30 ವರ್ಷ ದಾಟಿದವರಿಗೆ ಶುಗರ್, ಬಿಪಿ ತಪಾಸಣೆ ಸರ್ಕಾರದ ಕಾರ್ಯಕ್ರಮದಲ್ಲಿ ಈಗಾಗಲೇ ಇದೆ. ಅದೇ ಪಟ್ಟಿಯಲ್ಲಿ ಬಾಯಿ ಕ್ಯಾನ್ಸರ್ ತಪಾಸಣೆಯೂ ಇದೆ. ಅಂದರೆ ಟಾರ್ಚ್ ಹಿಡಿದು ಬಾಯಿ ತೆರೆಸಿ ನೋಡುವುದು ಆಗಲೇ ಕೆಲಸದ ಭಾಗ. ನೋಡಿದವರು ಇನ್ನು ಮೂರು ಪ್ರಶ್ನೆ ಕೇಳಿ ಬರೆದುಕೊಂಡರೆ ಸಾಕು: ಹಲ್ಲುಜ್ಜುವಾಗ ರಕ್ತ ಬರುತ್ತಾ, ಯಾವುದಾದರೂ ಹಲ್ಲು ಅಲ್ಲಾಡುತ್ತಾ, ಬಾಯಿ ವಾಸನೆ ಬರುತ್ತಾ. ಒಂದಕ್ಕೆ ಹೌದು ಎಂದರೂ ತಾಲ್ಲೂಕು ಆಸ್ಪತ್ರೆಯ ದಂತ ವೈದ್ಯರಿಗೋ, ಮೈಸೂರಿನ ಜೆಎಸ್‌ಎಸ್, ಫಾರೂಕಿಯಾದಂಥ ದಂತ ಕಾಲೇಜುಗಳಿಗೋ ಚೀಟಿ ಬರೆದುಕೊಡಬಹುದು. ಬಿಪಿಎಲ್ ಕುಟುಂಬದ ಹಿರಿಯರಿಗೆ ಉಚಿತವಾಗಿ ಹಲ್ಲಿನ ಸೆಟ್ ಕೊಡುವ "ದಂತ ಭಾಗ್ಯ" ಯೋಜನೆಯನ್ನು ನಮ್ಮ ರಾಜ್ಯ ತಂದಿದ್ದು ಒಳ್ಳೆಯ ಕೆಲಸ. ಎಷ್ಟೋ ಜನ ಮತ್ತೆ ಅಗಿದು ಉಣ್ಣುವಂತಾಯಿತು. ಅದೇ ಕಾಳಜಿ ಹಲ್ಲು ಬೀಳುವುದಕ್ಕೆ ಹತ್ತು ವರ್ಷ ಮುಂಚೆ, ಶುಗರ್ ಗೊತ್ತಾದ ದಿನವೇ ಸಿಗಬೇಕು.

ಮನೆಯಲ್ಲಿ ಶುಗರ್ ಇರುವವರನ್ನು ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವುದಾದರೆ ಒಂದೆರಡು ವಿಷಯ ನೆನಪಿಡಿ. ಖಾಲಿ ಹೊಟ್ಟೆಯಲ್ಲಿ ಕರೆದುಕೊಂಡು ಹೋಗಬೇಡಿ. ನಾವು ಆ ತಪ್ಪು ಮಾಡಿದೆವು. ದೊಡ್ಡಪ್ಪ ಮಾತ್ರೆ ನುಂಗಿ, "ಬಂದು ತಿಂತೀನಿ ಬುಡು" ಎಂದು ತಿಂಡಿ ಬಿಟ್ಟು ಬಂದಿದ್ದರು. ಸಾಲಿನಲ್ಲಿ ಕೂತಿರುವಾಗಲೇ ಕೈ ನಡುಗಿ ಮೈ ಬೆವರಿತು. ನೋಡಿದರೆ ಶುಗರ್ 64. ಸಕ್ಕರೆ ಕಲಸಿದ ನೀರು ಕುಡಿಸಿದ ಮೇಲೆ ಸುಧಾರಿಸಿಕೊಂಡರು. ಡಾಕ್ಟರು ಬೇರೇನಾದರೂ ಹೇಳಿರದಿದ್ದರೆ ಬೆಳಿಗ್ಗೆ ತಿಂಡಿ ತಿಂದು, ಮಾತ್ರೆ ತೆಗೆದುಕೊಂಡು, ಮಾತ್ರೆಯ ಚೀಟಿ ಮತ್ತು ಹೊಸ ಎಚ್‌ಬಿಎ1ಸಿ ವರದಿ ಹಿಡಿದು ಹೋಗಿ. ರಕ್ತ ತೆಳು ಮಾಡುವ ಮಾತ್ರೆ ಇದ್ದರೆ ಮೊದಲೇ ಹೇಳಿ. ನೀವಾಗಿಯೇ ನಿಲ್ಲಿಸಬೇಡಿ. ಹಲ್ಲಿನ ಸೆಟ್ ಇರುವವರು ರಾತ್ರಿ ತೆಗೆದು ನೀರಿನಲ್ಲಿ ಹಾಕಿಡಬೇಕು, ಇಲ್ಲದಿದ್ದರೆ ಅದರ ಕೆಳಗೆ ಶಿಲೀಂಧ್ರ ಕೂರುತ್ತದೆ.

ದೊಡ್ಡಪ್ಪನಿಗೆ ನಾಲ್ಕು ಸಲ ಕರೆಸಿ ಬಾಯಿಯ ಒಂದೊಂದು ಭಾಗ ಕ್ಲೀನ್ ಮಾಡಿದರು. ಆರು ಹಲ್ಲು ಹೋಗಿದ್ದವು, ಇನ್ನೆರಡನ್ನು ಉಳಿಸಲು ಆಗಲಿಲ್ಲ. ಉಳಿದವು ನಿಂತಿವೆ. ಶುಗರ್ ಡಾಕ್ಟರು ಇನ್ಸುಲಿನ್ ಶುರು ಮಾಡಿದರು. ಆರು ತಿಂಗಳಿಗೆ ಎಚ್‌ಬಿಎ1ಸಿ 10.8ರಿಂದ 8.1ಕ್ಕೆ ಬಂತು. ಅದರಲ್ಲಿ ಹೆಚ್ಚಿನ ಪಾಲು ಇನ್ಸುಲಿನ್‌ದು, ಸ್ವಲ್ಪ ಪಾಲು ವಸಡಿನದು ಎಂದು ನಾನು ಅಂದುಕೊಂಡಿದ್ದೇನೆ.

ಈ ಸಂಕ್ರಾಂತಿಗೆ ಕಬ್ಬನ್ನು ಚಾಕುವಿನಲ್ಲಿ ಸುಲಿದು, ಬೆರಳಷ್ಟು ಸಣ್ಣದಾಗಿ ಹೆಚ್ಚಿ ಎರಡೇ ಎರಡು ತುಂಡು ಕೊಟ್ಟೆವು. ಶುಗರ್ ಬರೆದಿಡಲು ಅವರಿಗೆ ಒಂದು ನೋಟ್‌ಬುಕ್ ಮಾಡಿಕೊಟ್ಟಿದ್ದೇನೆ. ತಾರೀಖು, ಊಟಕ್ಕೆ ಮುಂಚೆ, ಊಟ ಆದಮೇಲೆ, ಅದರ ಪಕ್ಕದಲ್ಲಿ "ವಸಡು". ಮೊದಲು "ಇದೆಲ್ಲಾ ಯಾಕವ್ವ" ಎಂದಿದ್ದರು. ಈಗ ತಾವೇ ತುಂಬುತ್ತಾರೆ. ಹೋದ ಭಾನುವಾರದ ಸಾಲಿನಲ್ಲಿ ಹೀಗಿತ್ತು: 132, 188, ಎಡಗಡೆ ಹಿಂದೆ ಒಸಿ ರಕ್ತ. ಗುರುವಾರಕ್ಕೆ ಚೀಟಿ ಮಾಡಿಸಿದ್ದೇನೆ. ತಿಂಡಿ ತಿಂದುಕೊಂಡೇ ಬಸ್ ಹತ್ತಿ ಎಂದು ದೊಡ್ಡಮ್ಮನಿಗೆ ಹೇಳಿದ್ದೇನೆ.